ಯುದ್ಧ ಮುಗಿದ ಮೇಲೆ ಖಜಾನೆ ಯಾರ ಕಡೆ ನೋಡಿತು?

(ಹಾನಗಲ್ಲಿನಲ್ಲಿ ಸೇರಿದ್ದ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ಸಭೆಗೆ ಹಾನಗಲ್ಲಿನವರಲ್ಲದೆ ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರಿನಿಂದಲೂ ಜನ ಬಂದಿದ್ದೀರಿ. ಇಷ್ಟು ಊರಿನವರು ಒಂದೆಡೆ ಸೇರಿದಾಗ ಮಾತು ತಾನಾಗಿಯೇ ರಸ್ತೆ, ಚರಂಡಿ, ಕೆರೆ, ಕುಡಿಯುವ ನೀರು ಇವುಗಳ ಕಡೆ ಹೊರಳುತ್ತದೆ. ಸಭೆ ಆರಂಭವಾಗುವ ಮುನ್ನ ಇಲ್ಲಿ ಕೇಳಿಬಂದ ಮಾತೂ ಅದೇ: 'ಸರ್ಕಾರ ನಮಗೇನು ಕೊಟ್ಟಿತು?' ಈ ಪ್ರಶ್ನೆಯಲ್ಲಿಯೇ ಒಂದು ತಪ್ಪು ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಕೊಡುವುದಕ್ಕೆ ಸರ್ಕಾರದ ಬಳಿ ಸ್ವಂತದ್ದೇನಿದೆ? ಖಜಾನೆಗೆ ಬಂದ ಹಣ ನಮ್ಮದು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ಬೇರೆ: ನಮ್ಮ ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂದು ತೀರ್ಮಾನಿಸಿದವರು ಯಾರು, ಅವರ ಕಣ್ಣ ಮುಂದೆ ಇದ್ದುದು ಯಾರ ಹಿತ?

ಇದಕ್ಕೆ ಉತ್ತರ ಹುಡುಕಲು ನಮ್ಮ ಈ ನಾಲ್ಕು ತಾಲೂಕುಗಳ ಚರಿತ್ರೆಯೇ ಸಾಕು. ಯುದ್ಧದಿಂದ ನಲುಗಿದ ನಾಡೊಂದು ಪರದೇಶಿ ಆಡಳಿತದ ಕೈಗೆ ಬಂದಾಗ ಅಲ್ಲಿ ಸಾರ್ವಜನಿಕ ಕಾಮಗಾರಿಯ ಹಣ ಯಾವ ದಾರಿ ಹಿಡಿಯುತ್ತದೆ ಎಂಬುದಕ್ಕೆ ಹಳೆಯ ಧಾರವಾಡ ಜಿಲ್ಲೆ ಒಳ್ಳೆಯ ಉದಾಹರಣೆ.

ಹದಿನೆಂಟನೆಯ ಶತಮಾನದ ಉತ್ತರಾರ್ಧವನ್ನು ನೆನಪಿಸಿಕೊಳ್ಳಿ. 1764ರಲ್ಲಿ ಹೈದರಲಿಯು ಸವಣೂರಿನ ನವಾಬ ಅಬ್ದುಲ್ ಹಕೀಮ್ ಖಾನರನ್ನು ಸೋಲಿಸಿದನು. ಅದೇ ವರ್ಷ ಹಿರೇಕೆರೂರಿನ ಕಡೆಯ ರಟ್ಟೀಹಳ್ಳಿಯಲ್ಲಿ ಪೇಶ್ವೆ ಮಾಧವರಾವ್ ಹೈದರನನ್ನು ಸೋಲಿಸಿದನು. 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರಿಗೆ ಬಂತು. 1790-91ರಲ್ಲಿ ಮರಾಠರೂ ಇಂಗ್ಲಿಷರೂ ಸೇರಿ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಅದರ ಬೆನ್ನಿಗೇ ಮಳೆ ಕೈಕೊಟ್ಟು 1791-92ರ ಬರ ಬಂತು. ಸತ್ತವರನ್ನು ಹೂಳುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದಿದ್ದವು ಎಂಬ ಕಾರಣಕ್ಕೆ ಜನರು ಅದನ್ನು ಡೋಗಿ ಬರ ಎಂದು ಕರೆದರು. ನವಾಬರ ಸೈನ್ಯ, ಮೈಸೂರಿನ ಸೈನ್ಯ, ಪೇಶ್ವೆಯ ಸೈನ್ಯ ಎಂಬ ಭೇದ ರೈತನಿಗೆ ಇರಲಿಲ್ಲ. ಯಾರು ಬಂದರೂ ಅವನ ಕಣಜ ಬರಿದಾಗುತ್ತಿತ್ತು. ಈ ಮಾತನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ನಮ್ಮವರೆಂದು ನಾವು ಅಭಿಮಾನಪಡುವ ಅರಸರ ಕಾಲದಲ್ಲಿಯೂ ಯುದ್ಧದ ಹೊರೆ ಬಿದ್ದದ್ದು ಬಡವನ ಬೆನ್ನ ಮೇಲೆಯೇ.

1817-18ರಲ್ಲಿ ಕೊನೆಯ ಮರಾಠಾ ಯುದ್ಧ ನಡೆಯಿತು. ಥಾಮಸ್ ಮನ್ರೋ ಈ ಪ್ರದೇಶವನ್ನು ಕಂಪನಿಯ ವಶಕ್ಕೆ ತಂದನು. ಒಂದು ಕಾಲಕ್ಕೆ ವಿಶಾಲ ಸೀಮೆಯನ್ನಾಳಿದ ಸವಣೂರಿನ ನವಾಬರಿಗೆ ಇಪ್ಪತ್ತೈದು ಹಳ್ಳಿಗಳು ಉಳಿದವು. ಸುತ್ತಲಿನ ಹಾನಗಲ್, ಬಂಕಾಪುರ, ಹಿರೇಕೆರೂರುಗಳೆಲ್ಲ ಕಂಪನಿಯ ಜಿಲ್ಲೆಯಾದವು. ಶಾಂತಿ ನೆಲೆಸಿತು ಎಂಬುದು ನಿಜ. ಆದರೆ ಆ ಶಾಂತಿ ಮೊದಲು ಕಳುಹಿಸಿದ್ದು ಒಡ್ಡು ಕಟ್ಟುವವರನ್ನಲ್ಲ, ಕಂದಾಯ ಎಣಿಸುವವರನ್ನು. 1840ರ ದಶಕದಲ್ಲಿ ವಿಂಗೇಟ್ ಮೊದಲಾದ ಅಧಿಕಾರಿಗಳು ಹೊಲ ಹೊಲವನ್ನು ಅಳೆದು, ಮಣ್ಣಿನ ದರ್ಜೆ ಬರೆದು, ಮೂವತ್ತು ವರ್ಷಗಳಿಗೆ ಕಂದಾಯ ನಿಗದಿಪಡಿಸಿದರು. ಹಿಂದಿನ ಮನಬಂದ ವಸೂಲಿಗಿಂತ ಅದು ಎಷ್ಟೋ ಮೇಲು ಎಂದು ಆಗಿನ ರೈತರಿಗೂ ಅನ್ನಿಸಿರಬಹುದು. ಆದರೆ ಅಳತೆಯ ಸರಪಳಿ ತಲುಪಿದ ಹೊಲಗಳಿಗೆಲ್ಲ ನೀರು ತಲುಪಲಿಲ್ಲ.

ಈ ನಾಡಿನ ಜೀವವಿರುವುದು ಕೆರೆಗಳಲ್ಲಿ. ಹಾನಗಲ್ಲಿನ ಪಶ್ಚಿಮಕ್ಕೆ ಧರ್ಮಾ ನದಿಗೆ ಅಡ್ಡಲಾಗಿ ಪೂರ್ವಿಕರು ಒಡ್ಡು ಕಟ್ಟಿ, ಕಾಲುವೆ ತೋಡಿ, ಆ ನೀರಿನಿಂದ ಸಾಲು ಸಾಲು ಕೆರೆಗಳನ್ನು ತುಂಬಿಸುತ್ತಿದ್ದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಅದು ಕೆಳಗಿನ ಕೆರೆಗೆ ಆಧಾರ. ಹಿರೇಕೆರೂರಿನ ಕಡೆ ಮಾಸೂರಿನ ಬಳಿ ಕುಮುದ್ವತಿ ನದಿಯನ್ನು ಎರಡು ಗುಡ್ಡಗಳ ನಡುವೆ ತಡೆದು ಕಟ್ಟಿದ ಮದಗದ ಕೆರೆಯಿದೆ. ವಿಜಯನಗರದ ಕಾಲದ್ದೆಂದು ಹೇಳಲಾಗುವ ಆ ಏರಿಯ ಮೇಲೆ ನಿಂತವರಿಗೆ, ಯಂತ್ರಗಳಿಲ್ಲದ ಕಾಲದ ಕೈಗಳು ಎಂತಹವು ಎಂಬುದು ತಿಳಿಯುತ್ತದೆ. ಹಿಂದೆ ನಿಲ್ಲುತ್ತಿದ್ದ ನೀರಿಗೆ ಹೋಲಿಸಿದರೆ ಇಂದು ಅಲ್ಲಿ ನಿಲ್ಲುವುದು ಸ್ವಲ್ಪವೇ. ಸವಣೂರಿನಲ್ಲಿ ಮೋತಿ ತಲಾಬ್ ಇದೆ. ಇವುಗಳನ್ನು ಕಟ್ಟಿದವರ ಧರ್ಮ, ಮನೆತನಗಳು ಬೇರೆ ಬೇರೆ. ನೀರು ಕುಡಿದವರಲ್ಲಿ ಆ ಭೇದವಿರಲಿಲ್ಲ.

ಆದರೆ ಕೆರೆಯನ್ನು ಒಮ್ಮೆ ಕಟ್ಟಿದರೆ ಸಾಲದು. ಪ್ರತಿ ವರ್ಷ ಹೂಳು ತೆಗೆಯಬೇಕು, ಏರಿಗೆ ಮಣ್ಣು ಹಾಕಬೇಕು, ತೂಬು ಸರಿಪಡಿಸಬೇಕು. ಹಳೆಯ ಕಾಲದಲ್ಲಿ ಇದಕ್ಕಾಗಿ ಮಾನ್ಯದ ಭೂಮಿಗಳಿದ್ದವು, ಊರವರ ದುಡಿಮೆಯಿತ್ತು. ದಶಕಗಳ ಯುದ್ಧದಿಂದ ಆ ಏರ್ಪಾಡು ಶಿಥಿಲವಾಗಿತ್ತು. ಹೊಸ ಸರ್ಕಾರ ಒಡೆತನವನ್ನು ತನ್ನ ಕೈಗೆ ತೆಗೆದುಕೊಂಡಿತು, ಆದರೆ ದುರಸ್ತಿಯ ಹೊಣೆಯನ್ನು ಅಷ್ಟೇ ಶ್ರದ್ಧೆಯಿಂದ ಹೊರಲಿಲ್ಲ. ಗೋದಾವರಿಗೆ ಒಡ್ಡು ಕಟ್ಟಿದ ಇಂಜಿನಿಯರ್ ಆರ್ಥರ್ ಕಾಟನ್, ತಾನು ಕಂಪನಿಯ ಸೇವಕನಾಗಿದ್ದರೂ, ಭಾರತದಲ್ಲಿ ಲೋಕೋಪಯೋಗಿ ಕೆಲಸಗಳನ್ನು ಕಡೆಗಣಿಸಲಾಗಿದೆ ಎಂದು 1854ರಲ್ಲಿಯೇ ಪುಸ್ತಕ ಬರೆದು ವಾದಿಸಿದನು. ಪ್ರತ್ಯೇಕ ಲೋಕೋಪಯೋಗಿ ಇಲಾಖೆ ಸ್ಥಾಪನೆಯಾದದ್ದು ಡಾಲ್‌ಹೌಸಿಯ ಕಾಲದಲ್ಲಿ, ಅದೇ ವರ್ಷ. ಕಂಪನಿಯ ಆಳ್ವಿಕೆ ಇಲ್ಲಿ ಆರಂಭವಾಗಿ ಆಗಲೇ ಮೂವತ್ತಾರು ವರ್ಷಗಳು ಕಳೆದಿದ್ದವು.

ಮೂರು ವರ್ಷ ಕಳೆಯುವಷ್ಟರಲ್ಲಿ 1857ರ ಹೋರಾಟ ಬಂತು. 1858ರಲ್ಲಿ ನಮ್ಮ ಜಿಲ್ಲೆಯಲ್ಲಿಯೇ ನರಗುಂದದ ಬಾಬಾಸಾಹೇಬ ಮತ್ತು ಮುಂಡರಗಿಯ ಭೀಮರಾಯ ಎದ್ದು ನಿಂತರು, ಹತರಾದರು. ದಂಗೆಯನ್ನು ಅಡಗಿಸಿದ ವೆಚ್ಚವನ್ನು ಭಾರತದ ಲೆಕ್ಕಕ್ಕೇ ಬರೆಯಲಾಯಿತು. ಸೋತವನು ತನ್ನನ್ನು ಸೋಲಿಸಿದ ಕತ್ತಿಯ ಬೆಲೆಯನ್ನೂ ತಾನೇ ತೆರುವ ವ್ಯವಸ್ಥೆ ಅದು. ನಂತರದ ದಶಕದಲ್ಲಿ ಲೋಕೋಪಯೋಗಿ ಇಲಾಖೆಯ ಹಣದ ದೊಡ್ಡ ಭಾಗ ಸೈನಿಕರ ಬ್ಯಾರಕುಗಳಿಗೆ ಹೋಯಿತು.

ಆಗ ನಮಗೆ ಸಂಬಂಧವೇ ಇಲ್ಲದ ಇನ್ನೊಂದು ಯುದ್ಧ ನಮ್ಮ ಹೊಲಗಳಿಗೆ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ನಿಂತುಹೋಯಿತು. ಧಾರವಾಡ ಜಿಲ್ಲೆಯಲ್ಲಿ 1840ರ ದಶಕದಿಂದಲೇ ಅಮೆರಿಕನ್ ಹತ್ತಿಯ ಬೆಳೆ ನೆಲೆಯೂರಿತ್ತು. ಈಗ ಗಿರಣಿ ಮಾಲೀಕರ ಕಣ್ಣು ಈ ಕಡೆ ಬಿತ್ತು. ಹತ್ತಿ ಬಂದರಿಗೆ ಹೋಗಬೇಕು, ಆದ್ದರಿಂದ ರಸ್ತೆ ಬೇಕು! 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಕಾರವಾರವನ್ನು ಧಾರವಾಡದ ಹತ್ತಿಯ ಬಂದರನ್ನಾಗಿ ಬೆಳೆಸುವುದು ಇದರ ಮುಖ್ಯ ಉದ್ದೇಶ. ಯಲ್ಲಾಪುರದ ಅರಬೈಲು ಘಟ್ಟದ ಮೂಲಕ ಕಾರವಾರಕ್ಕೆ, ಶಿರಸಿಯ ದೇವಿಮನೆ ಘಟ್ಟದ ಮೂಲಕ ಕುಮಟಾಕ್ಕೆ ಚಕ್ಕಡಿಗಳು ಸಾಗಿದವು. ಇಲ್ಲಿನ ನಾಡಹತ್ತಿಗೆ ಮುಂಬಯಿ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದೇ ಹೆಸರು ಬಿದ್ದಿತ್ತು. ಬೆಳೆದ ನೆಲದ ಹೆಸರಿಗಿಂತ ಸಾಗಿಸಿದ ಬಂದರಿನ ಹೆಸರೇ ಉಳಿಯಿತು. ಆ ಕಾಲದ ಖರ್ಚಿನ ದಿಕ್ಕು ಯಾವುದಿತ್ತು ಎಂಬುದನ್ನು ಈ ಒಂದು ಹೆಸರೇ ಹೇಳುತ್ತದೆ.

ನಾನು ರಸ್ತೆಯ ವಿರೋಧಿಯಲ್ಲ. ಎತ್ತಿನ ಬೆನ್ನ ಮೇಲೆ ಹೇರು ಹೋಗುತ್ತಿದ್ದ ಕಡೆ ಚಕ್ಕಡಿ ಓಡಿತು. ಕೆಲವು ವರ್ಷ ರೈತನ ಕೈಯಲ್ಲಿ ಬೆಳ್ಳಿ ರೂಪಾಯಿಯೂ ಓಡಾಡಿತು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು.

ಒಂದು, ಹಣ ಎಲ್ಲಿಂದ ಬಂತು? ಮುಂಬಯಿ ಪ್ರಾಂತದಲ್ಲಿ 1863ರಿಂದ ಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ಲೋಕಲ್ ಫಂಡ್ ಪಟ್ಟಿ ಬಂತು. 1869ರಲ್ಲಿ ಅದಕ್ಕೆ ಕಾನೂನಿನ ರೂಪ ಸಿಕ್ಕಿತು. ಅದರಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗಳಿಗೆ, ಒಂದು ಪಾಲು ಶಾಲೆಗಳಿಗೆ. ಎಂದರೆ ಜಿಲ್ಲೆಯೊಳಗಿನ ರಸ್ತೆಗಳಿಗೂ ಹಳ್ಳಿಯ ಶಾಲೆಗಳಿಗೂ ಹಾನಗಲ್ಲಿನ, ಹಿರೇಕೆರೂರಿನ ರೈತನೇ ಆಣೆ ಆಣೆಯಾಗಿ ಹಣ ಕೊಟ್ಟನು.

ಎರಡು, 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು. ಹತ್ತಿಯ ಬೆಲೆ ಇಳಿದರೂ ಕಂದಾಯ ಇಳಿಯಲಿಲ್ಲ. ಏರಿದ ಬೆಲೆಯನ್ನು ನೋಡಿ ಕಂದಾಯವನ್ನು ಏರಿಸಿದ ಉದಾಹರಣೆಗಳು ಮುಂಬಯಿ ಪ್ರಾಂತದಲ್ಲಿವೆ. 1875ರಲ್ಲಿ ಪುಣೆ, ಅಹಮದನಗರದ ಕಡೆ ರೈತರು ಸಾಹುಕಾರರ ವಿರುದ್ಧ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟ ಘಟನೆಯ ಹಿಂದೆ ಈ ಸಂಕಟವೂ ಇತ್ತು.

ಹಾಗಾದರೆ ಕೆರೆಗಳಿಗೇಕೆ ಹಣ ಬರಲಿಲ್ಲ? ಆ ಸರ್ಕಾರದ ತಕ್ಕಡಿಯೇ ಬೇರೆಯಾಗಿತ್ತು. ಸಾಲದ ಹಣದಿಂದ ನೀರಾವರಿ ಕೆಲಸ ಕೈಗೊಳ್ಳಬೇಕಾದರೆ ಅದು ತನ್ನ ಬಡ್ಡಿಯನ್ನು ತಾನೇ ದುಡಿಯಬೇಕು ಎಂಬ ನಿಯಮವಿತ್ತು. ಹಾಗೆ ದುಡಿಯುವ ಕೆಲಸಕ್ಕೆ 'ಉತ್ಪಾದಕ' ಎಂದು ಹೆಸರು. ದೊಡ್ಡ ನದಿಯ ಕಾಲುವೆ ಆ ಪರೀಕ್ಷೆಯಲ್ಲಿ ಪಾಸಾಗುತ್ತಿತ್ತು. ಐವತ್ತು ಎಕರೆಗೆ ನೀರುಣಿಸುವ ಹಾನಗಲ್ಲಿನ ಕೆರೆ ಪಾಸಾಗಲು ಹೇಗೆ ಸಾಧ್ಯ? ಆ ಕೆರೆ ಒಂದು ಊರನ್ನು ಬರದಿಂದ ಕಾಪಾಡಿದರೆ ಆ ಲಾಭವನ್ನು ಬರೆಯಲು ಖಾತೆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಅದೇ ಹೊತ್ತಿಗೆ ಇಂಗ್ಲೆಂಡಿನ ರೈಲು ಕಂಪನಿಗಳಿಗೆ, ರೈಲು ನಷ್ಟದಲ್ಲಿದ್ದರೂ, ಶೇಕಡಾ 5ರ ಲಾಭವನ್ನು ಭಾರತದ ಖಜಾನೆಯಿಂದ ತುಂಬಿಕೊಡುವ ಭರವಸೆ ನೀಡಲಾಗಿತ್ತು. ಕೆರೆಗೆ ಒಂದು ನ್ಯಾಯ, ಕಂಪನಿಗೆ ಇನ್ನೊಂದು. ರೈಲಿಗೆ ಸುರಿದ ಹಣ ನೀರಾವರಿಗೆ ಕೊಟ್ಟದ್ದರ ಹಲವು ಪಟ್ಟು ಎಂದು ಮುಂದೆ ರೊಮೇಶಚಂದ್ರ ದತ್ತರು ಲೆಕ್ಕ ತೆಗೆದು ತೋರಿಸಿದರು.

ಈ ಲೆಕ್ಕಾಚಾರದ ಫಲ 1876ರಲ್ಲಿ ಬಂತು. ಧಾತು, ಈಶ್ವರ ಸಂವತ್ಸರಗಳ ಆ ಬರವನ್ನು ನಮ್ಮ ಹಿರಿಯರು ಬಹುಕಾಲ ಮರೆಯಲಿಲ್ಲ. ಮಳೆ ಬರಲಿಲ್ಲ, ಜೋಳದ ಬೆಲೆ ಗಗನಕ್ಕೇರಿತು. ಸರ್ಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಜನರು ಮಣ್ಣು ಹೊತ್ತರು, ಕಲ್ಲು ಒಡೆದರು. ಮುಂಬಯಿ ಪ್ರಾಂತದಲ್ಲಿ ಮೊದಲು ಗಂಡಾಳಿಗೆ ದಿನಕ್ಕೆ ಎರಡಾಣೆ, ಹೆಣ್ಣಾಳಿಗೆ ಒಂದೂವರೆ ಆಣೆ ಕೂಲಿಯಿತ್ತು. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಸಲಹೆಯಂತೆ ಅದನ್ನು ಕಡಿತಗೊಳಿಸಲಾಯಿತು. ಒಂದು ಪೌಂಡ್ ಧಾನ್ಯದ ಬೆಲೆ, ಅದರ ಮೇಲೆ ಒಂದೋ ಅರ್ಧವೋ ಆಣೆ! ಒಂದು ಪೌಂಡ್ ಎಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ದಿನವಿಡೀ ಬಿಸಿಲಲ್ಲಿ ಕಲ್ಲು ಒಡೆಯುವವನ ಹೊಟ್ಟೆಗೆ ಅಷ್ಟು ಸಾಕೆಂದು ತೀರ್ಮಾನವಾಯಿತು. ಅದೇ ಜನವರಿಯ ಮೊದಲ ದಿನ ದೆಹಲಿಯಲ್ಲಿ ವೈಸ್‌ರಾಯ್ ಲಿಟ್ಟನ್ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರುವ ಭಾರಿ ದರ್ಬಾರು ನಡೆಸಿದ್ದನು.

ಇಲ್ಲೊಂದು ಅಂಶವನ್ನು ಗಮನಿಸಿರಿ. ಇದೇ ಟೆಂಪಲ್ 1874ರಲ್ಲಿ ಬಿಹಾರದ ಬರದ ವೇಳೆ ಬರ್ಮಾದಿಂದ ಅಕ್ಕಿ ತರಿಸಿ, ಧಾರಾಳವಾಗಿ ಖರ್ಚು ಮಾಡಿ, ಜನರನ್ನು ಬದುಕಿಸಿದ್ದನು. ಅದಕ್ಕಾಗಿ ದುಂದುಗಾರ ಎಂಬ ಟೀಕೆ ಕೇಳಬೇಕಾಯಿತು. ಆ ಅಪವಾದವನ್ನು ತೊಳೆದುಕೊಳ್ಳುವ ಆತುರ ಅವನಿಗೆ ಮೂರು ವರ್ಷಗಳ ನಂತರ ನಮ್ಮ ಕಡೆ ಬಂದಾಗ ಇತ್ತು. ಆದ್ದರಿಂದ 'ಆ ಕಾಲದಲ್ಲಿ ಏನೂ ಮಾಡಲಾಗುತ್ತಿರಲಿಲ್ಲ' ಎಂಬ ಮಾತು ಸುಳ್ಳು. ಮಾಡಬಹುದಿತ್ತು. ಮಾಡಿದವನೇ ನಂತರ ಮಾಡದೇ ಹೋದನು.

ಜನರು ಸುಮ್ಮನಿರಲಿಲ್ಲ ಎಂಬುದನ್ನೂ ಹೇಳಬೇಕು. ದಖ್ಖಣದ ಜಿಲ್ಲೆಗಳಲ್ಲಿ ಸಾವಿರಾರು ಕೂಲಿಕಾರರು ಕಾಮಗಾರಿಗಳನ್ನು ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆಯು ಅವರ ಪರವಾಗಿ ಮನವಿಗಳನ್ನು ಬರೆಯಿತು. ಹಸಿದವರು ಮಾಡಿದ ಮುಷ್ಕರ ಅದು. ಆದರೂ ನಷ್ಟ ಭಯಾನಕವಾಗಿತ್ತು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಒಂದು ಲಕ್ಷಕ್ಕಿಂತ ಹೆಚ್ಚು ಇಳಿಯಿತು. ಸುಮಾರು ಒಂಬತ್ತು ಜನರಲ್ಲಿ ಒಬ್ಬರು ಇಲ್ಲವಾದರು ಅಥವಾ ಊರು ಬಿಟ್ಟರು.

ಶಿಗ್ಗಾವಿ ತಾಲೂಕಿನ ಶಿಶುನಾಳದ ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ, ಮರಾಠಾ ಯುದ್ಧ ಮುಗಿದ ಮರುವರ್ಷ. ತೀರಿಕೊಂಡದ್ದು 1889ರಲ್ಲಿ. ನಾನು ಈವರೆಗೆ ಹೇಳಿದ ಅಳತೆ, ಹತ್ತಿ, ಬರ ಇವೆಲ್ಲ ಅವರ ಒಂದೇ ಜೀವಮಾನದಲ್ಲಿ ನಡೆದವು. ಸ್ವಲ್ಪ ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದ ಆ ಸಂತ ಇದನ್ನೆಲ್ಲ ಪುಸ್ತಕದಲ್ಲಿ ಓದಲಿಲ್ಲ, ಕಣ್ಣಾರೆ ಕಂಡರು.

ಬರದ ನಂತರ ಸರ್ಕಾರ ಪಾಠ ಕಲಿತಂತೆ ಕಂಡಿತು. 1878ರಲ್ಲಿ, ಮುಂದಿನ ಬರಗಳಿಗಾಗಿ ಪ್ರತಿ ವರ್ಷ ಒಂದೂವರೆ ಕೋಟಿ ರೂಪಾಯಿ ತೆಗೆದಿಡುವುದಾಗಿ ಘೋಷಿಸಿ, ಅದಕ್ಕಾಗಿ ಹೊಸ ತೆರಿಗೆಗಳನ್ನು ಹಾಕಿತು. ಸಣ್ಣ ವ್ಯಾಪಾರಿಗಳೂ ಲೈಸೆನ್ಸ್ ತೆರಿಗೆ ತೆತ್ತರು. ಅದೇ ವರ್ಷ ಅಫ್ಘಾನ್ ಯುದ್ಧ ಆರಂಭವಾಯಿತು. ಯುದ್ಧದ ವೆಚ್ಚ ಏರುತ್ತಿದ್ದಂತೆ ಬರದ ಹೆಸರಿನ ಹಣ ಬರಕ್ಕಾಗಿ ಉಳಿಯಲಿಲ್ಲ. ತೆರಿಗೆ ಮಾತ್ರ ಉಳಿಯಿತು. ಇದು ವಚನಭಂಗ ಎಂದು ಆಗಿನ ಭಾರತೀಯ ಪತ್ರಿಕೆಗಳೂ ನಾಯಕರೂ ಖಂಡಿಸಿದರು. ಹಸಿದವರ ಹೆಸರಿನಲ್ಲಿ ಎತ್ತಿದ ಹಣವನ್ನು ಕಾಬೂಲಿನ ದಾರಿಯಲ್ಲಿ ಸುರಿದದ್ದಕ್ಕೆ ಬೇರೆ ಯಾವ ಹೆಸರಿದೆ?

1880ರ ದಶಕದಲ್ಲಿ ಬರ ನಿವಾರಣೆಯ ಉದ್ದೇಶದಿಂದ ಸದರ್ನ್ ಮರಾಠಾ ರೈಲ್ವೆಯ ಹಳಿಗಳು ಬಂದವು. ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ದಾರಿ ಸವಣೂರು ತಾಲೂಕಿನ ಯಲವಿಗಿಯನ್ನು ಮುಟ್ಟಿ ಹಾವೇರಿಗೆ ಸಾಗಿತು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳು ಹಳಿಯಿಂದ ದೂರವೇ ಉಳಿದವು. ರೈಲು ಬರದ ಊರಿಗೆ ಧಾನ್ಯ ತರಬಲ್ಲದು ಎಂಬುದು ನಿಜ. ಆದರೆ ಬಂದ ಧಾನ್ಯವನ್ನು ಕೊಳ್ಳಲು ಕೈಯಲ್ಲಿ ದುಡ್ಡು ಬೇಕು. ಆ ದುಡ್ಡು ಹುಟ್ಟುವುದು ಹೊಲದಲ್ಲಿ, ಹೊಲ ಬದುಕುವುದು ನೀರಿನಲ್ಲಿ. 1901ರಿಂದ 1903ರವರೆಗೆ ದೇಶ ಸುತ್ತಿದ ನೀರಾವರಿ ಆಯೋಗವು ಲಾಭ ತರದಿದ್ದರೂ ಬರದಿಂದ ರಕ್ಷಿಸುವ ಕೆಲಸಗಳು ಅಗತ್ಯವೆಂದು ಒತ್ತಿ ಹೇಳಿತು. ಅಷ್ಟರಲ್ಲಿ ಇನ್ನೆರಡು ಬರಗಳು ಬಂದುಹೋಗಿದ್ದವು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿಯೂ ಪುನರ್ನಿರ್ಮಾಣದ ಮಾತು ಕೇಳಿಬಂತು. 1943ರಲ್ಲಿ ನಾಗಪುರದಲ್ಲಿ ಸೇರಿದ ಮುಖ್ಯ ಇಂಜಿನಿಯರುಗಳು ರಾಷ್ಟ್ರೀಯ ಹೆದ್ದಾರಿಯಿಂದ ಹಳ್ಳಿಯ ರಸ್ತೆಯವರೆಗೆ ಯೋಜನೆ ಬರೆದರು. ಅದನ್ನು ಕೈಗೊಳ್ಳುವ ಹೊಣೆ ಬಿದ್ದದ್ದು ಸ್ವತಂತ್ರ ಭಾರತದ ಮೇಲೆ. 1948ರಲ್ಲಿ ಸವಣೂರು ಸಂಸ್ಥಾನ ವಿಲೀನವಾಯಿತು. ಧರ್ಮಾ ನದಿಗೆ ಮುಂಡಗೋಡ ತಾಲೂಕಿನ ಮಳಗಿಯ ಬಳಿ ಜಲಾಶಯ ಕಟ್ಟಿ ಹಳೆಯ ಕಾಲುವೆ, ಕೆರೆಗಳಿಗೆ ಬಲ ತುಂಬಿದ್ದು ಸ್ವಾತಂತ್ರ್ಯದ ನಂತರವೇ. ವ್ಯತ್ಯಾಸ ಎಲ್ಲಿದೆ? ಮತ ಹಾಕುವವನು ಕೆರೆಯ ಕೆಳಗೆ ವಾಸಿಸುತ್ತಾನೆ ಎಂಬುದರಲ್ಲಿ.

ಬಂಧುಗಳೇ, ಈಗ ನಮ್ಮ ಕಡೆ ತಿರುಗೋಣ. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ವಿಶ್ವಬ್ಯಾಂಕಿನ ಸಾಲದಿಂದ 2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆಯಲ್ಲಿ ನಮ್ಮ ಜಿಲ್ಲೆಯೂ ಸೇರಿತ್ತು. ಊರೂರುಗಳಲ್ಲಿ ಕೆರೆ ಬಳಕೆದಾರರ ಸಂಘಗಳಾದವು. 2005ರಲ್ಲಿ ಮಾಹಿತಿ ಹಕ್ಕು ಬಂತು. 2006ರಲ್ಲಿ ಸಾಚಾರ್ ಸಮಿತಿಯ ವರದಿಯು ಮುಸ್ಲಿಮರು ಹೆಚ್ಚಾಗಿರುವ ಊರುಗಳಲ್ಲಿ ಶಾಲೆ, ಆಸ್ಪತ್ರೆ, ಪಕ್ಕಾ ರಸ್ತೆಗಳ ಕೊರತೆಯನ್ನು ದಾಖಲಿಸಿತು. ಆ ವರದಿಯನ್ನು ನಾವು ಎಷ್ಟೋ ವೇದಿಕೆಗಳಲ್ಲಿ ಎತ್ತಿ ಹಿಡಿದಿದ್ದೇವೆ. ಆದರೆ ನಮ್ಮೂರಿನ ಗ್ರಾಮಸಭೆಯಲ್ಲಿ ಎಷ್ಟು ಸಲ ಎದ್ದು ನಿಂತಿದ್ದೇವೆ?

ನೇರವಾಗಿ ಹೇಳುತ್ತೇನೆ, ಬೇಸರಿಸಬೇಡಿ. ಶಾಸಕರು ಮನೆಗೆ ಬಂದಾಗ ನಮ್ಮ ಮುಖಂಡರು ಏನು ಕೇಳುತ್ತಾರೆ? ಖಬರಸ್ತಾನಕ್ಕೆ ಕಾಂಪೌಂಡ್, ಶಾದಿ ಮಹಲಿಗೆ ಅನುದಾನ. ಎರಡೂ ಬೇಕು, ಬೇಡವೆನ್ನುವುದಿಲ್ಲ. ಆದರೆ ಅಷ್ಟಕ್ಕೇ ನಮ್ಮ ಬೇಡಿಕೆ ಮುಗಿದರೆ, ಸತ್ತವರಿಗೆ ಗೋಡೆ, ಮದುವೆಗೆ ಮಂಟಪ ಸಿಕ್ಕಿತು, ಬದುಕಿರುವವರ ಓಣಿಯಲ್ಲಿ ಚರಂಡಿ ಹಾಗೆಯೇ ಉಳಿಯಿತು. ಊರಿನ ಕೆರೆಯ ಸಭೆಗೆ ನಾವು ಹೋಗುವುದಿಲ್ಲ. 'ಅದು ಹೊಲವಿದ್ದವರ ವಿಷಯ' ಎನ್ನುತ್ತೇವೆ. ಕೆರೆ ಬತ್ತಿದರೆ ಓಣಿಯ ಬೋರ್‌ವೆಲ್ಲೂ ಬತ್ತುತ್ತದೆ, ಅದು ಯಾರ ವಿಷಯ?

ಅಂದಿನ ಸರ್ಕಾರ ನಮ್ಮ ಪೂರ್ವಿಕರನ್ನು ಕೇಳದೆ ಖರ್ಚು ಮಾಡಿತು. ಅವರಿಗೆ ಕೇಳುವ ಅಧಿಕಾರವಿರಲಿಲ್ಲ. ನಮಗೆ ಇದೆ. ಮೂರು ಪ್ರಶ್ನೆಗಳನ್ನು ರೂಢಿ ಮಾಡಿಕೊಳ್ಳೋಣ. ಈ ಕೆಲಸಕ್ಕೆ ಹಣ ಯಾವ ಬಾಬ್ತಿನಿಂದ ಬಂತು, ಆ ಬಾಬ್ತಿಗೇ ಖರ್ಚಾಯಿತೇ? ಇದರಿಂದ ಮೊದಲು ಲಾಭ ಯಾರಿಗೆ, ಗುತ್ತಿಗೆದಾರನಿಗೋ ಊರಿಗೋ? ಐದು ವರ್ಷಗಳ ನಂತರ ಇದರ ದುರಸ್ತಿ ಮಾಡುವವರು ಯಾರು? ಈ ಮೂರನೆಯ ಪ್ರಶ್ನೆಯನ್ನು ಕೇಳುವವರು ಬಹಳ ಕಡಿಮೆ. ಆದರೆ ನಮ್ಮ ಕೆರೆಗಳು ಹಾಳಾದದ್ದು ಆ ಪ್ರಶ್ನೆಗೆ ಉತ್ತರವಿಲ್ಲದೆ ಹೋದ ದಿನದಿಂದ.

ಸಾರ್ವಜನಿಕ ಹಣ ಅಮಾನತ್. ನಂಬಿ ಕೊಟ್ಟವನು ಲೆಕ್ಕ ಕೇಳುವುದು ಜಗಳವಲ್ಲ, ಅವನ ಕರ್ತವ್ಯ. ಈ ಸಭೆಯಿಂದ ಹೊರಟ ಮೇಲೆ ಪ್ರತಿ ಊರಿನಿಂದ ಇಬ್ಬರಾದರೂ ಮುಂದಿನ ಗ್ರಾಮಸಭೆಗೆ ಹೋಗಿರಿ. ನೆರೆಯ ಹಿಂದೂ ಸಹೋದರರನ್ನೂ ಜೊತೆಗೆ ಕರೆಯಿರಿ. ನಿಮ್ಮ ಊರಿನ ಒಂದು ಕೆರೆಯ, ಒಂದೇ ಒಂದು ಕೆರೆಯ ಲೆಕ್ಕವನ್ನು ಕೇಳಿರಿ. ಮುಂದಿನ ಸಲ ನಾವು ಸೇರಿದಾಗ ನನ್ನ ಭಾಷಣ ಬೇಡ. ನೀವು ತಂದ ಆ ಲೆಕ್ಕವನ್ನು ಇಲ್ಲಿ ಓದೋಣ.